ಟಾಕಿ ಹಾಕಿದ ದಿನದ ಹಿಟ್ಟು

ನಮ್ಮ ಓಣಿಗೆ ಕಾಗದದ ಮೇಲೆ ಒಂದು ಹೆಸರಿತ್ತು, ಊರವರ ಬಾಯಲ್ಲಿ ಇನ್ನೊಂದು. ಕಾಗದದಲ್ಲಿ ಅದು ಹೊಸ ಬಡಾವಣೆ. ಇಂಡಿಯ ಹಳೇ ಪೇಟೆಯವರ ಬಾಯಲ್ಲಿ ಹೊರಗಿನವರ ಓಣಿ. ಹೊರಗಿನವರು ಅಂದರೆ ಯಾರು ಅಂತ ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಾಲೋಟಗಿಯಿಂದ ಬಂದವನೂ ಹೊರಗಿನವನೇ, ಸೋಲಾಪುರದಿಂದ ಬಂದವನೂ ಹೊರಗಿನವನೇ. ಮೈಸೂರು ಕಡೆಯಿಂದ ವರ್ಗವಾಗಿ ಬಂದವನಂತೂ ಬಿಡಿ, ವಿಲಾಯತಿಯವನೇ. ನಾನು ಹೊರ್ತಿಯವಳು. ಬಸ್ಸಿನಲ್ಲಿ ಕೂತು ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವುದರೊಳಗೆ ಇಂಡಿ ಬಂದುಬಿಡುತ್ತಿತ್ತು. ಆದರೂ ಮದುವೆಯಾಗಿ ಬಂದ ವಾರದೊಳಗೆ ನಾನೂ ಹೊರಗಿನವಳಾದೆ.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ಓಣಿಯ ತುದಿಗೆ, ಊರು ಮುಗಿದು ಎರೆಹೊಲ ಶುರುವಾಗುವ ಕಡೆ, ನಮ್ಮ ಹಿಟ್ಟಿನ ಗಿರಣಿ. ಅದನ್ನು ಹಾಕಿದವರು ನಮ್ಮ ಮಾವ. ಆಗ ಅಲ್ಲಿ ಒಂದು ಮನೆಯೂ ಇರಲಿಲ್ಲವಂತೆ. "ಮನಿ ಇಲ್ಲದ ಕಡೆ ಗಿರಣಿ ಹಾಕ್ಯಾನ, ಹೊಲದಾಗಿನ ಇಲಿಗೆ ಬೀಸಿ ಕೊಡ್ತಾನೇನ?" ಎಂದು ಪೇಟೆಯವರು ನಕ್ಕರಂತೆ. ಹಾಕಿದ್ದು ಸರಿಯೋ ತಪ್ಪೋ ಗೊತ್ತಾಗುವ ಮೊದಲೇ ಮಾವ ತೀರಿಕೊಂಡರು. ಸಿಂದಗಿಯಲ್ಲಿದ್ದ ಅತ್ತೆಯ ತಮ್ಮ ಬಂದು, "ಗಿರಣಿ ಮಾರಿ ನಮ್ಮ ಮನಿಗೆ ಬಂದಬಿಡು ಯಕ್ಕಾ, ಮಗನ್ನ ಕಟಗೊಂಡು ಒಂದ್ ಮೂಲ್ಯಾಗ ಇರೀಯಂತ" ಎಂದನಂತೆ. ಅದಕ್ಕೆ ಅತ್ತೆ ಕೊಟ್ಟ ಉತ್ತರವನ್ನು ನಾನು ನೂರು ಸಲ ಕೇಳಿದ್ದೇನೆ: "ತಮ್ಮನ ಹೆಂಡ್ತಿ ಬಡದ ರೊಟ್ಟಿ ತಿನ್ನೂದಕ್ಕಿಂತ ನನ್ನ ಗಿರಣಿ ಧೂಳ ತಿಂದಕೊಂಡು ಇರ್ತೇನಿ, ನಡಿ!"

ಹಾಗಾಗಿ ನಮ್ಮ ಮನೆಯ ಲೆಕ್ಕ ಸರಳವಾಗಿತ್ತು. ಗಿರಣಿ ನಡೆದರೆ ಅತ್ತೆ ಇಂಡಿಯಲ್ಲಿ, ನಿಂತರೆ ಸಿಂದಗಿಯ ಆ ಮೂಲೆಯಲ್ಲಿ. ಅತ್ತೆಯ ಜೊತೆ ನಾವು ಗಂಡ ಹೆಂಡತಿ ಕೂಡ.

ಎಂಜಿನ್ ನೋಡಿಕೊಳ್ಳುವುದು ನಮ್ಮನೆಯವರ ಕೆಲಸ. ಅದು ಎಣ್ಣೆ ಎಂಜಿನ್ನು. ಅದರ ಹೊಗೆ ಕೊಳವೆ ಕುಕ್ ಕುಕ್ ಎಂದು ಕೂಗತೊಡಗಿದರೆ ಅರ್ಧ ಊರಿಗೆ ಕೇಳಿಸುತ್ತಿತ್ತು. ಬಾಗಿಲ ಬಳಿಯ ಕಟ್ಟೆಯ ಮೇಲೆ ಅತ್ತೆ. ಪಾಳಿ ನೋಡುವುದು ಅವರ ಕೆಲಸ. ಯಾರು ಮೊದಲು ಬುಟ್ಟಿ ತಂದಿಡುತ್ತಾರೋ ಅವರದು ಮೊದಲು, ಅಷ್ಟೇ. "ನಮ್ಮನ್ಯಾಗ ಬೀಗರು ಬಂದಾರ್ರಿ, ನಮ್ಮದೊಂದ ಹಾಕಿ ಬಿಡ್ರಿ" ಎಂದು ಯಾರಾದರೂ ಗೋಗರೆದರೆ, "ಬೀಗರು ಬಂದಾರ ಅಂದ್ರ ಇರಾಕ ಬಂದಾರ, ಓಡಿ ಹೋಗಂಗಿಲ್ಲ, ಕುಂದರು" ಎನ್ನುತ್ತಿದ್ದರು. ಹಿಟ್ಟು ಹಿಡಿದು ಬುಟ್ಟಿಗೆ ಹಾಕಿ ಕೊಡುವುದು ನನ್ನ ಕೆಲಸ. ಹುಬ್ಬು, ಕೂದಲು, ಕಿವಿ ಎಲ್ಲ ಬೆಳ್ಳಗೆ. ನನ್ನ ತವರಿನವರು ಮೊದಲ ಸಲ ನೋಡಲು ಬಂದಾಗ ನಮ್ಮವ್ವ, "ಅಯ್ಯ ನನ ಶಿವನ, ಹುಡುಗಿ ಇಷ್ಟ್ ಲಗೂನ ಮುದುಕಿ ಆದಳಲ್ಲ!" ಎಂದು ಅಳಲಿಕ್ಕೇ ಶುರುಮಾಡಿದ್ದಳು.

ನಾನು ಬಂದಾಗ ಓಣಿಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಮನೆಗಳು, ಎಲ್ಲರದೂ ಬಿಳಿಜೋಳದ ಬುಟ್ಟಿ. ಆಮೇಲೆ ಊರಲ್ಲಿ ಕಚೇರಿಗಳು ಹೆಚ್ಚಾದವು, ಬ್ಯಾಂಕು ಬಂತು, ದವಾಖಾನೆ ದೊಡ್ಡದಾಯಿತು. ಸಂಬಳದ ಜನ ನಮ್ಮ ಓಣಿಗೆ ಬರತೊಡಗಿದರು. ಅವರ ಸಂಬಳ ಎಷ್ಟು ಅಂತ ನಾವು ಯಾರನ್ನೂ ಕೇಳಬೇಕಾಗಿರಲಿಲ್ಲ. ತಿಂಗಳ ಮೊದಲಿಗೆ ಗೋಧಿ ಡಬ್ಬಿ ಬರುತ್ತಿತ್ತು, ಕೊನೆಗೆ ಮತ್ತೆ ಜೋಳದ ಬುಟ್ಟಿ. ಕೆಲವರ ಮನೆಯಿಂದ ತಿಂಗಳ ಕೊನೆಗೆ ಏನೂ ಬರುತ್ತಿರಲಿಲ್ಲ, "ಊರಿಗೆ ಹೋಗಿದ್ವಿ" ಎನ್ನುತ್ತಿದ್ದರು. ಸೋಲಾಪುರದಿಂದ ಬಂದ, ಬಟ್ಟೆ ಹೊಲಿಯುವ ಸಿಂಪಿಗರ ಮನೆಯವರು ಚಳಿಗಾಲ ಬಂತೆಂದರೆ ಸಜ್ಜೆ ತರುತ್ತಿದ್ದರು. ಕೇರಳದ ನರ್ಸಮ್ಮ ಅಕ್ಕಿ ತೊಳೆದು, ಆರಿಸಿ ತಂದು, ತಾನೇ ನಿಂತು ಬೀಸಿಸಿಕೊಂಡು ಹೋಗುತ್ತಿದ್ದಳು. ಮೈಸೂರು ಕಡೆಯ ಗುಮಾಸ್ತರ ಹೆಂಡತಿ ಮೊದಲ ಸಲ ರಾಗಿ ತಂದ ದಿನ ಓಣಿಯ ಹೆಂಗಸರೆಲ್ಲ ಡಬ್ಬಿಯೊಳಗೆ ಇಣುಕಿದ್ದೇ ಇಣುಕಿದ್ದು. "ಇದೇನ್ರಿ ಬಾಯಿ, ಸಾಸಿವಿ ಬೀಸಿಸಿ ಏನ್ ಮಾಡ್ತೀರಿ?" ಪಾಪ, ಆಕೆ ಮುದ್ದೆ ಮಾಡುವುದನ್ನು ಕೈಯಲ್ಲಿ ಮಾಡಿ ತೋರಿಸಿದಳು. "ಅಗಿಯಂಗಿಲ್ಲಂತ, ನುಂಗೂದಂತ!" ಎಂದು ಒಂದು ವಾರ ಓಣಿಗೆ ಬೇರೆ ಮಾತೇ ಇರಲಿಲ್ಲ.

ಅದೇ ಸುಮಾರಿಗೆ ಖಾನೇಸುಮಾರಿ, ಅಂದರೆ ಜನಗಣತಿ, ಬಂತು. ಸಾಲಿ ಮಾಸ್ತರರೊಬ್ಬರು ತಲೆಗೆ ಟವೆಲ್ ಸುತ್ತಿಕೊಂಡು, ಬಗಲಲ್ಲಿ ಕಾಗದದ ಕಟ್ಟು ಹಿಡಿದು ಓಣಿಗೆ ಇಳಿದರು. ಎರಡು ಮನೆ ಸುತ್ತುವಷ್ಟರಲ್ಲಿ ಬಿಸಿಲು ತಾಳದೆ ನಮ್ಮ ಕಟ್ಟೆಗೆ ಬಂದು ಕೂತರು. ಜನ ಅಲ್ಲಿಯೇ ಸಿಕ್ಕರು. ಮನೆಮಾತು ಯಾವುದು ಎಂದು ಸಿಂಪಿಗರಾಕೆಯನ್ನು ಕೇಳಿದರು.

"ಮನ್ಯಾಗ ಮರಾಠಿ, ಗಿರಾಕಿ ಜೋಡಿ ಕನ್ನಡ, ಜಗಳಕ್ಕ ಉರ್ದು ಬರ್ತೈತ್ರಿ."

"ಒಂದ ಬರೀಬೇಕ್ರಿ ಬಾಯಿ."

"ಹಂಗಾದ್ರ ನಿಮಗ ಯಾವ್ದು ಚಂದ ಅನಸ್ತೈತಿ ಅದನ್ನ ಬರ್ಕೋರಿ."

ವರಮಾನ ಎಷ್ಟು ಅಂತ ಮಾಸ್ತರರು ಕೇಳಲೇ ಇಲ್ಲ. ಆದರೂ ಒಬ್ಬೊಬ್ಬರೂ ತಾವಾಗಿಯೇ, "ನಾವು ಬಡವರ್ರೀ ಸರ, ಅದನ್ನೊಂದಿಷ್ಟು ಬರ್ಕೋರಿ" ಎಂದು ದುಂಬಾಲು ಬಿದ್ದರು. ಇದೇ ಜನ ಹಿಂದಿನ ವಾರ ಮಗಳ ಮಾತುಕತೆಗೆ ಬಂದವರ ಮುಂದೆ ಇಲ್ಲದ ಹೊಲವನ್ನೆಲ್ಲ ತಮ್ಮದೆಂದು ಬೆರಳು ಮಾಡಿ ತೋರಿಸಿದ್ದರು. ಅತ್ತೆ ಕಟ್ಟೆಯ ಮೇಲಿಂದಲೇ, "ಮಾಸ್ತರ, ಇವರ ಬಡತನ ನೀವು ಬರ್ಕೋರಿ, ಇವರ ಗೋಧಿ ನಾ ಬೀಸ್ತೇನಿ" ಎಂದರು. ಮಾಸ್ತರರು ಚಹಾ ಕುಡಿಯುತ್ತಿದ್ದವರು ನೆತ್ತಿಗೆ ಹತ್ತಿಸಿಕೊಂಡರು.

ಅದಾದ ಮೇಲೆ ಮಳೆ ಕೈಕೊಟ್ಟಿತು. ಬರಗಾಲದ ಕಾಮಗಾರಿ ಎಂದು ರಸ್ತೆಗೆ ಖಡಿ ಒಡೆಸತೊಡಗಿದಾಗ ಮುದ್ದೇಬಿಹಾಳದ ಕಡೆಯಿಂದ ಕಲ್ಲು ಒಡೆಯುವವರು ಬಂದು ನಮ್ಮ ಗಿರಣಿಯ ಹಿಂದಿನ ಹಳ್ಳದ ಆಚೆ ದಂಡೆಗೆ ಗುಡಿಸಲು ಹಾಕಿದರು. ಅವರ ಮನೆಮಾತಿನಲ್ಲಿ ಅರ್ಧ ತೆಲುಗು. ಕಾಮಗಾರಿ ಮುಗಿಯಿತು, ಜನ ಹೋಗಲಿಲ್ಲ. ಓಣಿಯಲ್ಲಿ ಮನೆ ಕಟ್ಟುವವರಿಗೆ ಪಾಯದ ಕಲ್ಲು ಬೇಕಲ್ಲ, ಕೆಲಸ ಸಿಕ್ಕಿತು. ಓಣಿಯ ಪ್ರತಿ ಮನೆಯ ಪಾಯವೂ ಅವರ ಕೈಯದೇ. ಆದರೆ ಓಣಿಯವರ ಲೆಕ್ಕದಲ್ಲಿ ಓಣಿ ಹಳ್ಳಕ್ಕೆ ಮುಗಿಯುತ್ತಿತ್ತು. ಯಾರೂ ಹಳ್ಳ ದಾಟಿ ಆಚೆ ಹೋಗುತ್ತಿರಲಿಲ್ಲ. ಆಚೆಯವರು ಮಾತ್ರ ರೇಷನ್ನಿನ ಕೆಂಪು ಜೋಳದ ಡಬ್ಬಿ ಹಿಡಿದು ನಮ್ಮ ಗಿರಣಿಗೆ ಬರುತ್ತಿದ್ದರು.

ಅವರಲ್ಲೊಬ್ಬಳು ನನ್ನ ವಯಸ್ಸಿನವಳು, ನನ್ನ ಗೆಳತಿಯಾದಳು. ಆಕೆಗೆ ಆಗಲೇ ಮೂವರು ಮಕ್ಕಳು, ಮೂವರೂ ಅವಳ ಸೆರಗಿಗೆ ಜೋತು ಬಿದ್ದವರೇ. ಮಾತು ಅಂದರೆ ಮಾತು. "ನಿಮ್ಮತ್ತಿ ಒಮ್ಮೆ ಕಣ್ಣ ಕಿಸದ್ರ ಎಂಜಿನ್ ತಾನ ಚಾಲೂ ಆಗ್ತೈತಿ, ಎಣ್ಣಿ ಯಾಕ ಸುಡ್ತೀರಿ?" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅತ್ತೆಯ ಕಿವಿ ನೆಟ್ಟಗಿದ್ದವು. "ನನಗ ಕೇಳಿಸ್ತು" ಎನ್ನುತ್ತಿದ್ದರು. "ಕೇಳಲಿ ಅಂತನ ಹೇಳೇನ್ರಿ ಯಕ್ಕಾ" ಎಂದು ಇವಳು. ಆ ದಿನ ಅತ್ತೆಯ ತುಟಿ ಒಂಚೂರು ನಗುತ್ತಿತ್ತು. ನಾನು ಅತ್ತೆಗೆ ಹೀಗೆ ಹೇಳಿದ್ದರೆ ಹೊರ್ತಿ ಬಸ್ಸು ಹತ್ತಿಸುತ್ತಿದ್ದರು!

ಅವಳ ಗಂಡನೇ ನಮ್ಮ ಗಿರಣಿಯ ಕಲ್ಲಿಗೆ ಟಾಕಿ ಹಾಕುತ್ತಿದ್ದದ್ದು. ಬೀಸಿ ಬೀಸಿ ಕಲ್ಲು ನುಣ್ಣಗಾಗುತ್ತದೆ. ಆಗ ಕಲ್ಲುಗಳನ್ನು ಬಿಚ್ಚಿ ಮಲಗಿಸಿ, ಉಳಿಯಿಂದ ಸಾಲುಸಾಲಾಗಿ ಹೊಸ ಕಚ್ಚು ಕೊಡಬೇಕು. ಅದೇ ಟಾಕಿ. ಅದನ್ನು ಹಾಕದಿದ್ದರೆ ಕಲ್ಲು ಜೋಳವನ್ನು ಬೀಸುವುದಿಲ್ಲ, ಉಜ್ಜುತ್ತದೆ. ಹಿಟ್ಟು ಬಿಸಿಯಾಗಿ ಅದರ ಅಂಟು, ಜಿಗಿ ಹೋಗುತ್ತದೆ. ಜಿಗಿ ಇಲ್ಲದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅಂಚು ಹರಿದು ಭೂಪಟವಾಗುತ್ತದೆ.

ಟಾಕಿ ಹಾಕಿದ ದಿನಕ್ಕೆ ಮಾವನ ಕಾಲದಿಂದ ಒಂದು ಪದ್ಧತಿ ಇತ್ತು. ಕಲ್ಲಿನ ಸಂದಿಯಲ್ಲಿ ಉಳಿದ ಹರಳು ಹೋಗಲಿ ಎಂದು ಎಲ್ಲರಿಗಿಂತ ಮೊದಲು ನಮ್ಮ ಮನೆಯ ಒಂದು ಬುಟ್ಟಿ ಬಿಳಿಜೋಳ ಬೀಸುತ್ತಿದ್ದೆವು. ಆ ಹಿಟ್ಟಿನ ತುಂಬ ಕಲ್ಲಿನ ಹರಳು, ಮನುಷ್ಯರು ತಿನ್ನುವಂಥದ್ದಲ್ಲ. ಕೂಲಿಯ ಜೊತೆಗೆ ಅದು ಟಾಕಿ ಹಾಕಿದವನಿಗೆ. "ಒಯ್ಯಪ್ಪಾ, ಎಮ್ಮಿಗೆ ಹಾಕು, ಹಾಲು ಚಂದ ಕೊಡ್ತೈತಿ" ಎಂದು ಅತ್ತೆ ತಾವೇ ಬುಟ್ಟಿ ಎತ್ತಿ ಅವನ ತಲೆಯ ಮೇಲಿಡುತ್ತಿದ್ದರು. ಆತ ಹೂಂ ಎಂದು ಹಳ್ಳ ಇಳಿದು ಹೋಗುತ್ತಿದ್ದ. ಬೇರೆ ಗಿರಣಿಯವರು ಇಷ್ಟು ಕೊಡುತ್ತಿರಲಿಲ್ಲ. ಅತ್ತೆಯ ಈ ಧಾರಾಳತನದ ಬಗ್ಗೆ ನಾನು ತವರಿಗೆ ಹೋದಾಗಲೆಲ್ಲ ಹೇಳಿಕೊಳ್ಳುತ್ತಿದ್ದೆ.

ಮಳೆ ತಿರುಗಿ ಬಂದ ಮೇಲೆ ಓಣಿಯ ದೆಸೆಯೂ ತಿರುಗಿತು. ತಗಡಿನ ಮನೆಗಳಿಗೆ ಸ್ಲ್ಯಾಬು ಬಿತ್ತು, ಅಂಗಳಗಳಿಗೆ ಕಂಪೌಂಡು ಬಂತು. ತಹಸೀಲ ಕಚೇರಿಯ ಶಿರಸ್ತೇದಾರರು ಮಹಡಿ ಮನೆ ಕಟ್ಟಿಸಿದರು. ಅವರ ಹೆಂಡತಿಯನ್ನು ಓಣಿಯವರೆಲ್ಲ ಬಾಯಿಸಾಹೇಬರು ಎನ್ನುತ್ತಿದ್ದರು. ಶಿರಸ್ತೇದಾರರು ಮಾತಾಡಿದ್ದನ್ನು ನಾನು ಅಲ್ಲಿಯತನಕ ಕೇಳಿರಲೇ ಇಲ್ಲ, ಆ ಮನೆಯ ಮಾತೆಲ್ಲ ಬಾಯಿಸಾಹೇಬರದೇ. ಮೊದಲು ಒಬ್ಬರ ಬುಟ್ಟಿ ಇನ್ನೊಬ್ಬರು ಹೊತ್ತು ತರುತ್ತಿದ್ದ ಹೆಂಗಸರು ಈಗ ಅವರ ಹಿಂದೆ ಸಾಲುಗಟ್ಟಿ ನಡೆಯತೊಡಗಿದರು.

ಒಂದು ದಿನ ಬಾಯಿಸಾಹೇಬರು ಹಿಟ್ಟಿನ ಬುಟ್ಟಿ ಹಿಡಿದು ತಿರುಗಿ ಬಂದರು. ಹಿಂದೆ ಆರೇಳು ಹೆಂಗಸರು. ಬುಟ್ಟಿಯ ಹಿಟ್ಟಿನ ಮೇಲೆ ಒಂದು ಕಡೆ ತೆಳ್ಳಗೆ ಕೆಂಪು ಬಣ್ಣ.

"ನಮ್ಮ ಬಿಳಿಜೋಳ ಕೆಂಪಗ್ಯಾಕ ಆಗ್ಯದ? ಯಾರ ಬೆನ್ನಿಗೆ ಹಾಕಿದ್ರಿ?"

"ಹಳ್ಳದಾಚೆಯವರ್ದು ಮುಗಿದ ಮ್ಯಾಲ ನಿಮ್ದು ಹಾಕೇವ್ರಿ. ಒಂದು ಮುಟಗಿ ಉಳದಿರ್ತೈತಿ. ಎಲ್ಲಾರ ಹಿಟ್ಟಿನ್ಯಾಗೂ ಎಲ್ಲಾರ್ದು ಒಂದೊಂದು ಮುಟಗಿ ಇರ್ತೈತ್ರಿ ಬಾಯಿಸಾಹೇಬ್ರ, ಗಿರಣಿ ಅಂದ್ರ ಹಂಗ" ಎಂದೆ ನಾನು.

"ಅದನ್ನ ನಾನೂ ಹೇಳೂದು. ಅವರ ಮುಟಗಿ ನಮಗ ಬ್ಯಾಡ. ಮುಂಜಾನೆ ಹೊತ್ತು ಓಣಿಯವರ್ದು ಹಾಕ್ರಿ. ಅವರ್ದು ಸಂಜಿಕ ಕಟ್ಟಕಡೀಗೆ. ಇಲ್ಲಂದ್ರ ಪ್ಯಾಟಿಯೊಳಗ ಕರೆಂಟಿನ ಗಿರಣಿ ಅದ. ನಾವೆಲ್ಲಾ ಕೂಡಿ ಒಂದು ಗಾಡಿ ಮಾಡ್ಕೋತೇವಿ."

ಹಿಂದಿನ ಹೆಂಗಸರು ನೆಲ ನೋಡಿದರು. ಅವರಲ್ಲಿ ಅರ್ಧ ಜನಕ್ಕೆ ಆ ಮುಟಗಿಯ ಚಿಂತೆ ಇರಲಿಲ್ಲ, ಬಾಯಿಸಾಹೇಬರ ಚಿಂತೆ ಇತ್ತು. ನನಗೆ ಮೈ ಉರಿಯಿತು. ಅತ್ತೆ ಈಗ ಬಾಯಿ ತೆರೆಯುತ್ತಾರೆ, ಈಗ ಮಂಗಳಾರತಿ ಎತ್ತುತ್ತಾರೆ ಎಂದು ಕಾದೆ. ಅತ್ತೆ ಎಂಜಿನ್ ಕಡೆ ನೋಡಿದರು, ಮಗನ ಕಡೆ ನೋಡಿದರು. "ಆಗಲ್ರಿ" ಎಂದುಬಿಟ್ಟರು! ಆ ದಿನ ಮನೆಯಲ್ಲಿ ಎಮ್ಮೆಗೆ ಬೈದರು, ಒಲೆಗೆ ಬೈದರು, ನನಗೂ ಬೈದರು. ಬೈಯಬೇಕಾದವರಿಗೆ ಮಾತ್ರ ಬೈಯಲಿಲ್ಲ. "ಗಾಡಿ ಮಾಡಿದ್ರ ಸಿಂದಗಿನ ಗತಿ ನಮಗ. ಗೊತ್ತಿಲ್ಲೇನ ನಿನಗ?" ಎಂದು ನನ್ನನ್ನೇ ಕೇಳಿದರು.

ಮರುದಿನ ನನ್ನ ಗೆಳತಿ ಎಂದಿನ ಹೊತ್ತಿಗೆ ಡಬ್ಬಿ ತಂದಿಟ್ಟಳು. ಅತ್ತೆ ಅವಳ ಮುಖ ನೋಡದೆ, "ಸಂಜಿಕ ಬಾರವ್ವಾ" ಎಂದರು. ಅವಳು ಸುತ್ತ ನಿಂತ ಹೆಂಗಸರನ್ನು ನೋಡಿದಳು. ಡಬ್ಬಿ ಎತ್ತಿಕೊಂಡಳು. ಮಾತಿನ ಮಲ್ಲಿ ಮಾತಾಡದೆ ಹೋದದ್ದು ನೋಡಿ ನನಗೆ ಸಂಕಟವಾಯಿತು. ಸಂಜೆ ಅವಳು ಬರಲಿಲ್ಲ. ಆಚೆಯವರು ಯಾರೂ ಬರಲಿಲ್ಲ. ಮುಂದೆ ಬೆಳಗಾದರೆ ಸಾಕು, ಹಳ್ಳದಾಚೆಯಿಂದ ಬೀಸುಕಲ್ಲಿನ ಸದ್ದು. ತಾವೇ ಕಡೆದ ಕಲ್ಲು, ತಾವೇ ಬೀಸಿಕೊಳ್ಳುತ್ತಿದ್ದರು, ಜೊತೆಗೆ ತೆಲುಗು ಹಾಡು.

ಇಲ್ಲಿ ನಮ್ಮ ಕಲ್ಲು ನುಣ್ಣಗಾಗುವ ಹೊತ್ತಾಗಿತ್ತು. ಟಾಕಿ ಹಾಕಲು ಬಾ ಎಂದು ಅತ್ತೆ ಹೇಳಿ ಕಳಿಸಿದರು. "ಕೈ ತೆರವಿಲ್ರಿ" ಎಂದು ಉತ್ತರ ಬಂತು. ಮತ್ತೆ ಹೇಳಿ ಕಳಿಸಿದರೆ ಮತ್ತೆ ಅದೇ. ಸಾಲೋಟಗಿಯಲ್ಲಿ ಮುಂಚೆ ಟಾಕಿ ಹಾಕುತ್ತಿದ್ದ ಮುದುಕನೊಬ್ಬನಿದ್ದ, ಅವನಿಗೆ ಈಗ ಉಳಿಯೇ ಕಾಣಿಸುತ್ತಿರಲಿಲ್ಲ. ಕೊನೆಗೆ ನಮ್ಮನೆಯವರು, "ಇದೇನ್ ಬ್ರಹ್ಮವಿದ್ಯಾನ?" ಎಂದು ತಾವೇ ಉಳಿ ಹಿಡಿದರು. ಮೂರನೇ ಪೆಟ್ಟಿಗೆ ಒಂದು ಚಕ್ಕೆ ಸಿಡಿದು ಹಣೆಗೆ ಬಡಿಯಿತು. ಅರಿಶಿಣ ಹಚ್ಚಿಕೊಂಡು ಮಲಗಿದವರು ಎರಡು ದಿನ ಏಳಲಿಲ್ಲ. ಬ್ರಹ್ಮವಿದ್ಯೆಯ ಮಾತು ಮತ್ತೆ ಬರಲಿಲ್ಲ.

ಹಿಟ್ಟು ಬಿಸಿಯಾಗಿ ಬೀಳತೊಡಗಿತು. ಅಲ್ಲಿಂದ ಶುರುವಾಯಿತು ನೋಡಿ, ಓಣಿಯ ಮನೆಮನೆಯಲ್ಲಿ ರೊಟ್ಟಿಯ ಜಗಳ. ರೊಟ್ಟಿ ಹರಿದರೆ ನಮ್ಮಲ್ಲಿ ಗಿರಣಿಗೆ ಯಾರೂ ಬೈಯುವುದಿಲ್ಲ, ಮೊದಲು ಸೊಸೆಗೆ ಬೈಯುತ್ತಾರೆ. "ನಿಮ್ಮವ್ವ ಏನ್ ಕಲಿಸ್ಯಾಳ ನಿನಗ?" ಎಂದು ಅತ್ತೆಯರು. "ಹಿಟ್ಟಿನ್ಯಾಗ ಜಿಗಿ ಇಲ್ರಿ" ಎಂದು ಸೊಸೆಯರು. "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದಳಂತ" ಎಂದು ಮತ್ತೆ ಅತ್ತೆಯರು. ಒಂದು ಮನೆಯಲ್ಲಿ ಹೊಸ ಹೈಬ್ರಿಡ್ ಜೋಳಕ್ಕೆ ಬೈದರು, ಇನ್ನೊಂದು ಮನೆಯಲ್ಲಿ ಬಾವಿಯ ನೀರಿಗೆ. ಮೈಸೂರು ಕಡೆಯಾಕೆ ಮಾತ್ರ ಮುದ್ದೆ ತಿರುವಿಕೊಂಡು ಆರಾಮಾಗಿದ್ದಳು.

ಆಮೇಲೆ ಯಾರೋ ಪೇಟೆಯ ಗಿರಣಿಯಿಂದ ಹಿಟ್ಟು ತಂದರು, ರೊಟ್ಟಿ ದುಂಡಗೆ ಬಂತು. ಸುದ್ದಿ ಹಬ್ಬಿತು. ಬಾಯಿಸಾಹೇಬರ ಗಾಡಿ ಹೊರಟೇಬಿಟ್ಟಿತು. ಯಾವ ಗಾಡಿಗೆ ಹೆದರಿ ಅತ್ತೆ ತಲೆ ಬಗ್ಗಿಸಿದ್ದರೋ ಅದೇ ಗಾಡಿ, ತಲೆ ಬಗ್ಗಿಸಿದ ಮೇಲೂ ನಮ್ಮ ಕಟ್ಟೆಯ ಮುಂದಿನಿಂದಲೇ ಹೋಯಿತು. ಎಂಜಿನ್ ಮಧ್ಯಾಹ್ನಕ್ಕೇ ನಿಲ್ಲತೊಡಗಿತು. ಈ ವಾಸನೆ ಸಿಂದಗಿಗೆ ಹೇಗೆ ಮುಟ್ಟಿತೋ, ಅತ್ತೆಯ ತಮ್ಮ ಬ್ಯಾಗು ಹಿಡಿದು ಬಂದು ಇಳಿದ. ಚಹಾ ಕುಡಿಯುತ್ತ ಎಂಜಿನ್ನಿನ ಸುತ್ತ ಒಂದು ಸಲ ಸುತ್ತಿ, "ಇದನ್ನ ಕೊಳ್ಳಾಕ ಗಿರಾಕಿ ನೋಡೇನಿ ಯಕ್ಕಾ" ಎಂದ. ಅತ್ತೆ ಬೈಯುವ ಬದಲು ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ಅದು ನನಗೆ ಹೆದರಿಕೆ ಹುಟ್ಟಿಸಿತು.

ಮಧ್ಯಾಹ್ನ ಉಂಡು ತಮ್ಮ ಮಲಗಿದ ಮೇಲೆ ಅತ್ತೆ ನನ್ನನ್ನು ಕರೆದರು. "ಹಳ್ಳಕ್ಕ ಹೋಗು. ಆಕಿ ಅರಿಬಿ ಒಗಿಯಾಕ ಬಂದಿರ್ತಾಳ. ಗಂಡನ್ನ ಕಳಸಂತ ಹೇಳು."

ಅವಳು ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಿದ್ದಳು. ನಾನು ಈಚೆ ದಂಡೆಯಲ್ಲಿ ನಿಂತು ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಳಸ್ತೇನಿ. ಆದ್ರ ನಮ್ಮ ಪಾಳಿ ಯಾವಾಗ, ನಿಮ್ಮತ್ತಿನ್ನ ಕೇಳಿ ಬಾ. ಆತ ಮುಂಜಾನೆ ಬಂದು ಕಲ್ಲು ಮುಟ್ಟಬಹುದು, ನಮ್ಮ ಡಬ್ಬಿ ಸಂಜಿತನಾ ಮುಟ್ಟಬಾರದು. ಇದ್ಯಾವ ನ್ಯಾಯ?"

ನಾನು ತಿರುಗಿ ಬಂದು ಒಂದಕ್ಷರ ಬಿಡದೆ ಹೇಳಿದೆ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತರು. "ಹೋಗಿ ಹೇಳು. ಮೊದಲಿನಂಗ, ಮೊದಲ ಬುಟ್ಟಿ ಇಟ್ಟವರ್ದು ಮೊದಲ ಪಾಳಿ. ಯಾರ್ದರೆ ಇರಲಿ."

"ಬಾಯಿಸಾಹೇಬ್ರು ಏನಂತಾರೋ ಅತ್ತಿ..."

"ಗಾಡಿ ಮಾಡಿದ್ದಾತು, ಇನ್ನ ವಿಮಾನ ಮಾಡ್ಲಿ!"

ಅಬ್ಬಾ, ನನ್ನ ಅತ್ತೆ ನನಗೆ ತಿರುಗಿ ಸಿಕ್ಕರು ಎಂದು ಹಳ್ಳದವರೆಗೂ ಓಡಿದೆ.

ಮರುದಿನ ಬೆಳಿಗ್ಗೆ ಆತ ಬಂದು ಕಲ್ಲು ಮಲಗಿಸಿ ಕೂತ. ಉಳಿಯ ಟಕಟಕ ಸದ್ದು ಓಣಿಗೆಲ್ಲ ಕೇಳಿಸಿತು. ಆ ಸದ್ದು ಕೇಳಿದ್ದೇ ತಡ, ಹಳೇ ಹೆಂಗಸರಿಗೆ ರೊಟ್ಟಿ ಹರಿದದ್ದು ಯಾಕೆಂದು ಹೊಳೆಯಿತು. ಪೇಟೆಯ ಗಿರಣಿಯಲ್ಲಿ ಇವರು ಹೊರಗಿನವರು, ಅಲ್ಲಿ ಪಾಳಿ ಕಟ್ಟಕಡೆಗೆ ಸಿಗುತ್ತಿತ್ತು. ಅದು ಸಾಕಾಗಿತ್ತು. ಒಬ್ಬೊಬ್ಬರೇ ಬುಟ್ಟಿ ಹಿಡಿದು ಬಂದರು. ಹಳ್ಳದ ಕಡೆಯಿಂದ ಡಬ್ಬಿಗಳೂ ಬಂದವು. ಅತ್ತೆ ಕಟ್ಟೆ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಪಾಳಿಯ ಮಾತು ಹೇಳಿದರು. ಯಾರೂ ಕಮಕ್ ಕಿಮಕ್ ಎನ್ನಲಿಲ್ಲ.

ಬಾಯಿಸಾಹೇಬರು ಮುಂದೆ ಬಂದರು. "ಹಂಗಾದ್ರ ಮೊದಲ ಪಾಳಿ ನಂದು. ಟಾಕಿ ಸಪ್ಪಳ ಕೇಳಿದ ಕೂಡಲೇ ಎಲ್ಲಾರಿಗಿಂತ ಮೊದಲ ಬುಟ್ಟಿ ತಂದಿಟ್ಟೇನಿ. ಕಲ್ಲು ಹೊಸಾದು, ಯಾರ ಮುಟಗೀನೂ ಅದರೊಳಗಿಲ್ಲ."

"ಬಾಯಿಸಾಹೇಬ್ರ, ಟಾಕಿ ಹಾಕಿದ ದಿನ ಮೊದಲಿಂದು..."

"ಮೊದಲಿಂದು ನಂದು ಅಂದೆ! ಈಗಷ್ಟ ಏನಂದ್ರಿ ನೀವು? ಮಾತಂದ್ರ ಮಾತಿರಬೇಕು."

"ಅದರಾಗ ಹರಳು..."

"ನನಗ ಏನೂ ಹೇಳಬ್ಯಾಡ್ರಿ. ಹಾಕಸ್ರಿ."

ಅತ್ತೆ ನನ್ನ ಮುಖ ನೋಡಿದರು, ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಹರಳು ತೆಗೆಯಲು ತೆಗೆದಿಟ್ಟಿದ್ದ ನಮ್ಮ ಬುಟ್ಟಿಯನ್ನು ಅತ್ತೆ ಕಾಲಿನಿಂದ ಪಕ್ಕಕ್ಕೆ ಸರಿಸಿ, "ಹಾಕಪ್ಪಾ, ಬಾಯಿಸಾಹೇಬ್ರದ ಹಾಕು" ಎಂದರು. ಟಾಕಿ ಹಾಕಿದಾತ ಕೈ ತೊಳೆದುಕೊಂಡು ಸುಮ್ಮನೆ ನೋಡುತ್ತ ನಿಂತಿದ್ದ. ಆ ದಿನ ಅವನು ಕೂಲಿ ಮಾತ್ರ ಹಿಡಿದು, ಬರಿದಲೆಯಲ್ಲಿ ಹಳ್ಳ ಇಳಿದು ಹೋದ.

ದೀಪ ಹಚ್ಚುವ ಹೊತ್ತಿಗೆ ಶಿರಸ್ತೇದಾರರು ಸ್ವತಃ ಬಂದರು. ಒಂದು ಕೈಯಲ್ಲಿ ಹಿಟ್ಟಿನ ಬುಟ್ಟಿ, ಇನ್ನೊಂದು ಕೈ ಗಲ್ಲದ ಮೇಲೆ. ಬುಟ್ಟಿ ಇಳಿಸಿ, ನಾನು ಕೇಳಿದ ಅವರ ಮೊದಲ ಮಾತು ಆಡಿದರು: "ಯವ್ವಾ, ಇದು ರೊಟ್ಟಿ ಹಿಟ್ಟೋ, ರಸ್ತಾಕ್ಕ ಹಾಕೂ ಖಡಿಯೋ?"

ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಶಿರಸ್ತೇದಾರರು ಗಲ್ಲ ಹಿಡಿದುಕೊಂಡೇ ನಕ್ಕರು. "ನೀವು ಹೇಳಿದ್ರಿ, ಆಕಿ ಕೇಳಲಿಲ್ಲ, ನಾ ತಿಂದೆ. ನಮ್ಮ ಮನ್ಯಾಗ ದಿನಾ ಹಿಂಗ" ಎಂದು ಹೋದರು. ಮರುದಿನ ಬಾಯಿಸಾಹೇಬರ ಹೊಸ ಬುಟ್ಟಿ ಎರಡು ಕೆಂಪು ಜೋಳದ ಡಬ್ಬಿಗಳ ಹಿಂದೆ ಪಾಳಿಗೆ ನಿಂತಿತು. ಬಾಯಿಸಾಹೇಬರು ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು, ಆದರೆ ಕೂತಿದ್ದರು. ಎಂಜಿನ್ ಸಂಜೆಯವರೆಗೂ ಕುಕ್ ಕುಕ್ ಎಂದಿತು. ಸಿಂದಗಿಯ ತಮ್ಮ ಬ್ಯಾಗು ಹಿಡಿದು ಬಸ್ಸಿಗೆ ಹೋದ. "ಹೆಂಡ್ತಿಗೆ ಹೇಳು, ಮೂಲಿ ಖಾಲೀನ ಇರಲಿ" ಎಂದು ಅತ್ತೆ ಅವನ ಬೆನ್ನಿಗೆ ಕೂಗಿದರು.

ಅತ್ತೆಯನ್ನು ಅಷ್ಟು ಖುಷಿಯಲ್ಲಿ ನಾನು ನೋಡಿಯೇ ಇರಲಿಲ್ಲ. ಶಿರಸ್ತೇದಾರರು ಬಿಟ್ಟುಹೋದ ಹರಳಿನ ಹಿಟ್ಟು ಬುಟ್ಟಿಯಲ್ಲಿ ಹಾಗೇ ಇತ್ತು. "ಪಾಪ, ಆತಗ ಟಾಕಿ ದಿನದ ಹಿಟ್ಟು ಸಿಗಲಿಲ್ಲ. ನಡಿ, ಕೊಟ್ಟ ಬರೋಣು. ಬಾಯಿಸಾಹೇಬ್ರ ಕತಿನೂ ಹೇಳಿ ಬರೋಣು" ಎಂದು ಬುಟ್ಟಿಯನ್ನು ನನ್ನ ತಲೆಗೆ ಹೊರಿಸಿದರು. ಓಣಿಯವರೊಬ್ಬರು ಹಳ್ಳ ದಾಟಿದ್ದು ನಾನು ನೋಡಿದ ಮಟ್ಟಿಗೆ ಅದೇ ಮೊದಲು. ನಾನೂ ದಾಟಿರಲಿಲ್ಲ.

ನನ್ನ ಗೆಳತಿ ಗುಡಿಸಲ ಮುಂದೆ ಚಾಪೆ ಹಾಸಿದಳು. ಅತ್ತೆ ನಿಂತಲ್ಲೇ ಕತೆ ಶುರುಮಾಡಿ, ಬಾಯಿಸಾಹೇಬರ ಹಾಗೆ ಕತ್ತು ಎತ್ತಿ, ಶಿರಸ್ತೇದಾರರ ಹಾಗೆ ಗಲ್ಲ ಹಿಡಿದು ತೋರಿಸಿದರು. ಗೆಳತಿ ಹೊಟ್ಟೆ ಹಿಡಿದು ನಕ್ಕಳು. ಮಕ್ಕಳು ಬುಟ್ಟಿಯ ಸುತ್ತ ಬಂದು ನಿಂತವು.

"ತಗೋ, ಇದನ್ನ ಎಮ್ಮಿಗೆ ಹಾಕು" ಎಂದು ಅತ್ತೆ ಅತ್ತಿತ್ತ ನೋಡಿದರು. "ಎಲ್ಲೆ ಕಟ್ಟೀರಿ ಎಮ್ಮಿ?"

ಗೆಳತಿ ಇನ್ನೂ ನಗುತ್ತಲೇ ಇದ್ದಳು. "ನಮಗ ಎಮ್ಮಿ ಎಲ್ಲೈತ್ರಿ ಯಕ್ಕಾ?"

"ಮತ್ತ ಇಷ್ಟ ವರ್ಷ ಕೊಟ್ಟ ಹಿಟ್ಟು?"

"ನೀರಾಗ ಕಲಸಿ ಇಟ್ರ ಹರಳು ತಳಕ್ಕ ಕುಂದರ್ತೈತ್ರಿ. ಮ್ಯಾಲಿಂದು ಬಸದು ಅಂಬಲಿ ಕಾಸ್ತೇನಿ. ಹುಡುಗ್ರು ಬಿಡಬೇಕಲ್ಲ, ರೊಟ್ಟೀನ ಬೇಕಂತಾವ. ಬಿಳಿಜ್ವಾಳದ ರೊಟ್ಟಿ ನಮಗ ಮತ್ತ ಯಾವಾಗ ಸಿಗಬೇಕ್ರಿ? ಟಾಕಿ ಹಾಕಿದ ದಿನ ಇವಕ್ಕ ಹಬ್ಬ."

ಅವಳ ಸಣ್ಣ ಮಗ ಬುಟ್ಟಿಗೆ ಕೈ ಹಾಕಿ, "ಕಟಕಟಿ ರೊಟ್ಟಿ!" ಎಂದು ಕುಣಿದ. ಅದಕ್ಕೆ ಅವರ ಮನೆಯಲ್ಲಿ ಹೆಸರೇ ಇತ್ತು.

ಅತ್ತೆ ಬುಟ್ಟಿಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಅದನ್ನು ತಮ್ಮ ತಲೆಯ ಮೇಲೆ ತಾವೇ ಇಟ್ಟುಕೊಂಡು ಹಳ್ಳ ಇಳಿದರು. ಮನೆಗೆ ಬಂದವರೇ ಅಡಕಲಿನ ಗಡಿಗೆಯಿಂದ ನಮ್ಮ ರೊಟ್ಟಿಯ ಹಿಟ್ಟನ್ನೆಲ್ಲ ಒಂದು ಚೀಲಕ್ಕೆ ಸುರಿದು, ಮಗನ ಹೆಗಲಿಗೆ ಹೊರಿಸಿ ಆಚೆ ಕಳಿಸಿದರು. ಆಮೇಲೆ ಒಲೆಯ ಮುಂದೆ ಕೂತು, ಹರಳಿನ ಹಿಟ್ಟಿನ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು.

"ಇದರಾಗ ಒಂದು ರೊಟ್ಟಿ ಬಡಿ."

ಬಡಿದೆ. ಅತ್ತೆ ಒಂದು ತುತ್ತು ಮುರಿದು ಬಾಯಿಗಿಟ್ಟರು. ಕಟ್ ಎಂದದ್ದು ನನಗೂ ಕೇಳಿಸಿತು.

"ಉಗುಳ್ರಿ ಅತ್ತಿ" ಎಂದೆ.

"ಆ ಹುಡುಗ್ರು ಉಗುಳಿದ್ವೇನ?" ಎಂದು ಇನ್ನೊಂದು ತುತ್ತು ಮುರಿದರು.